ಎಣ್ಣೆಯ ಹೆಸರು ಮುಚ್ಚಳದ ಮೇಲೆಯೇ ಇದೆ: ಅಮೆರಿಕದಲ್ಲಿ ಎಸ್‌ಯುವಿಗೆ ಆಯಿಲ್, ಫಿಲ್ಟರ್ ಕೊಳ್ಳುವವರಿಗೆ

ಹಾಸನದಿಂದ ಬಂದಿದ್ದ ನಮ್ಮ ಮಾವ ಒಂದು ಶನಿವಾರ ನಮ್ಮ ಎಸ್‌ಯುವಿಯ ಎಣ್ಣೆಯ ಮಟ್ಟ ನೋಡುವ ಕಡ್ಡಿ (ಡಿಪ್‌ಸ್ಟಿಕ್) ಎಳೆದು, ಎಣ್ಣೆಯನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿದರು. "ಏನಳಿಯಂದಿರೇ, ಇದು ನೀರಿನ ಹಾಗಿದೆಯಲ್ಲ! ಎಂಜಿನ್ ಉಳಿಯುತ್ತದೆಯೇ?" ಅವರ ಡೀಸೆಲ್ ಜೀಪಿಗೆ ಹಾಕುವುದು 15ಡಬ್ಲ್ಯು-40 ಎಂಬ ದಪ್ಪ ಎಣ್ಣೆ. ನಮ್ಮದರಲ್ಲಿದ್ದದ್ದು ತೆಳುವಾದ 0ಡಬ್ಲ್ಯು-20. ದಪ್ಪಗಿದ್ದರೆ ಒಳ್ಳೆಯ ಎಣ್ಣೆ ಎಂಬ ನಂಬಿಕೆ ನಮ್ಮಲ್ಲಿ ಹಲವರ ಜೊತೆ ವಿಮಾನ ಹತ್ತಿ ಬಂದಿದೆ.

ಆದರೆ ಎಣ್ಣೆ ಆರಿಸುವ ಕೆಲಸವನ್ನು ಎಂಜಿನ್ ಕಟ್ಟಿದವರೇ ಮುಗಿಸಿರುತ್ತಾರೆ. ಬಾನೆಟ್ ಎತ್ತಿ ಎಣ್ಣೆ ಸುರಿಯುವ ಮುಚ್ಚಳ ನೋಡಿ. ಸಾಮಾನ್ಯವಾಗಿ ಅಲ್ಲೇ ಬರೆದಿರುತ್ತದೆ. ಇಲ್ಲದಿದ್ದರೆ ಗಾಡಿಯ ಕೈಪಿಡಿಯಲ್ಲಿ ಖಂಡಿತ ಇರುತ್ತದೆ. 2019ರಿಂದ 2025ರವರೆಗಿನ ಟೊಯೋಟಾ ರಾವ್4ರ 2.5 ಲೀಟರ್ ಎಂಜಿನ್ನಿಗೆ 0ಡಬ್ಲ್ಯು-16, ಹೋಂಡಾ ಸಿಆರ್-ವಿಯ 1.5 ಲೀಟರ್ ಟರ್ಬೊಗೆ 0ಡಬ್ಲ್ಯು-20. ಡಬ್ಲ್ಯು ಎಂದರೆ ಚಳಿಗಾಲ. ಅದರ ಎಡಗಡೆಯ ಅಂಕಿ ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು, ಬಲಗಡೆಯದು ಎಂಜಿನ್ ಕಾದ ಮೇಲಿನ ದಪ್ಪವನ್ನು ಹೇಳುತ್ತದೆ. ಮಿನೆಸೋಟದ ಜನವರಿಯ ಬೆಳಗ್ಗೆ ಮೈನಸ್ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಾವನವರ ಎಣ್ಣೆ ಜೋನಿಬೆಲ್ಲದಂತೆ ಬಲು ನಿಧಾನ ಹರಿಯುತ್ತದೆ. ಸವೆತ ಹೆಚ್ಚಾಗುವುದು ಎಣ್ಣೆ ಮೇಲೇರುವ ಮೊದಲಿನ ಆ ಕೆಲವು ಕ್ಷಣಗಳಲ್ಲೇ. 0ಡಬ್ಲ್ಯು-16 ಸಿಗದಿದ್ದರೆ ಒಮ್ಮೆಗೆ 0ಡಬ್ಲ್ಯು-20 ಹಾಕಬಹುದು, ಮುಂದಿನ ಸಲ ಮತ್ತೆ ಮೊದಲಿನದಕ್ಕೇ ಬನ್ನಿ ಎಂದು ಟೊಯೋಟಾ ಕೈಪಿಡಿಯೇ ಹೇಳುತ್ತದೆ.

ಅಂಗಡಿಯಲ್ಲಿ ಬ್ರ್ಯಾಂಡಿಗಿಂತ ಮೊದಲು ಡಬ್ಬದ ಹಿಂಬದಿ ನೋಡಿ. ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟಿನ ದುಂಡನೆಯ ಮುದ್ರೆಯೊಳಗೆ ಎಪಿಐ ಎಸ್‌ಪಿ ಎಂದಿದ್ದರೆ ಅದು 2020ರಲ್ಲಿ ಬಂದ ದರ್ಜೆ, ಎಸ್‌ಕ್ಯೂ ಎಂದಿದ್ದರೆ 2025ರದು. ಹೊಸ ದರ್ಜೆ ಹಳೆಯ ಪೆಟ್ರೋಲ್ ಗಾಡಿಗೂ ಆಗುತ್ತದೆ. ಸಣ್ಣ ಟರ್ಬೊ ಎಂಜಿನ್ ಇದ್ದವರು ಎಸ್‌ಪಿಗಿಂತ ಕೆಳಗೆ ಇಳಿಯಬೇಡಿ. ಕಡಿಮೆ ವೇಗದಲ್ಲಿ ಇಂಧನ ಹೊತ್ತಿಗೆ ಮೊದಲೇ ಉರಿದು ಪಿಸ್ಟನ್ ಒಡೆಯುವ ತೊಂದರೆಯನ್ನು ತಡೆಯುವ ಗುಣ ಅದರಲ್ಲಿದೆ. ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಕೆಲವೊಮ್ಮೆ ಬಲು ಅಗ್ಗದ ಡಬ್ಬಗಳಿರುತ್ತವೆ. ತಿರುಗಿಸಿ ನೋಡಿದರೆ ಸಣ್ಣಕ್ಷರದಲ್ಲಿ ಎಪಿಐ ಎಸ್‌ಎ. 1930ರ ಈಚೆಗಿನ ಹೆಚ್ಚಿನ ಎಂಜಿನ್‌ಗಳಿಗೆ ಅದು ಸಲ್ಲದು ಎಂಬ ಎಚ್ಚರಿಕೆಯೂ ಅದೇ ಡಬ್ಬದ ಮೇಲಿರುತ್ತದೆ. ಅಂಥದ್ದನ್ನು ಇನ್ನೂ ಮಾರುತ್ತಾರಲ್ಲ, ಅವರ ಧೈರ್ಯ ಮೆಚ್ಚಬೇಕು!

ಫಿಲ್ಟರಿನಲ್ಲಿ ಎರಡು ಬಗೆ: ತಿರುಗಿಸಿ ಬಿಗಿಯುವ ತಗಡಿನ ಡಬ್ಬಿ, ಪ್ಲಾಸ್ಟಿಕ್ ಗೂಡಿನೊಳಗೆ ಕೂರುವ ಕಾಗದದ ಸುರುಳಿ. ಗಾಡಿಯ ವರ್ಷ, ಮಾಡೆಲ್, ಎಂಜಿನ್ ಮೂರನ್ನೂ ಹೇಳಿಯೇ ಕೊಳ್ಳಿ. ನೋಡಲು ಒಂದೇ ರೀತಿ ಇದ್ದು ತಿರುಪಿನ ಹಲ್ಲು ಬೇರೆಯಾಗಿದ್ದರೆ ಕೆಲಸ ಕೆಟ್ಟಿತು. ಎಂಜಿನ್ ನಿಂತಾಗ ಎಣ್ಣೆ ಕೆಳಗಿಳಿಯದಂತೆ ಹಿಡಿದಿಡುವ ರಬ್ಬರ್ ಕವಾಟ ತೀರಾ ಅಗ್ಗದ ಡಬ್ಬಿಗಳಲ್ಲಿ ಬೇಗ ಗಡುಸಾಗುತ್ತದೆ. ಉಳಿಯುವ ಎರಡು ಮೂರು ಡಾಲರಿಗೆ ಆ ಗೊಡವೆ ಬೇಡ.

ನಾನು ಮೊದಲ ಸಲ ಮನೆಯ ಮುಂದೆ ಎಣ್ಣೆ ಬದಲಾಯಿಸಿದಾಗ ಹಳೆಯ ಫಿಲ್ಟರ್ ಬಂತು, ಅದರ ರಬ್ಬರ್ ಬಳೆ ಎಂಜಿನ್ನಿಗೇ ಅಂಟಿಕೊಂಡಿತ್ತು. ನೋಡದೆ ಹೊಸದನ್ನು ಅದರ ಮೇಲೇ ಬಿಗಿದೆ. ಸ್ಟಾರ್ಟ್ ಮಾಡಿ ನಿಮಿಷವಾಗಲಿಲ್ಲ, ಕಾಂಕ್ರೀಟಿನ ಮೇಲೆ ಎಣ್ಣೆ ಹಬ್ಬಿ ಪಕ್ಕದ ಮನೆಯ ಗಡಿಯತ್ತ ಹೊರಟಿತ್ತು. ಅಂದಿನಿಂದ ಹಳೆಯ ಬಳೆ ಕೈಗೆ ಬಂದ ಮೇಲೇ ಮುಂದಿನ ಕೆಲಸ. ತಗಡಿನ ಡಬ್ಬಿಯ ಹೊಸ ಬಳೆಗೆ ಬೆರಳಿನಿಂದ ಒಂದಿಷ್ಟು ಎಣ್ಣೆ ಸವರಿ, ಅದು ಎಂಜಿನ್ನಿಗೆ ತಾಕಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ತಿರುಗಿಸಿದರೆ ಸಾಮಾನ್ಯವಾಗಿ ಸಾಕು. ಸರಿಯಾದ ಅಳತೆ ಫಿಲ್ಟರಿನ ಮೇಲೇ ಇರುತ್ತದೆ. ರಾವ್4ಗೆ ಹಿಡಿಯುವುದು 4.8 ಕ್ವಾರ್ಟ್, ಅಂದರೆ ಸುಮಾರು ನಾಲ್ಕೂವರೆ ಲೀಟರ್. ಐದು ಕ್ವಾರ್ಟಿನ ಡಬ್ಬದ ತಳದಲ್ಲಿ ಸ್ವಲ್ಪ ಉಳಿಯಲೇಬೇಕು.

ಕಂಪನಿಯ ಡೀಲರ್ ಬಿಟ್ಟು ಹೊರಗಡೆ ಸರ್ವೀಸ್ ಮಾಡಿಸಿದರೆ ಅಥವಾ ಕೈಯಾರೆ ಮಾಡಿಕೊಂಡರೆ ವಾರಂಟಿ ಹೋಗುತ್ತದೆಂಬ ಮಾತು ಕನ್ನಡ ಕೂಟದ ಊಟದ ಪಂಕ್ತಿಯಲ್ಲಿ ಪ್ರತಿ ವರ್ಷ ಕೇಳುತ್ತೇನೆ. 1975ರ ಮ್ಯಾಗ್ನಸನ್–ಮಾಸ್ ವಾರಂಟಿ ಕಾಯ್ದೆಯ ಪ್ರಕಾರ, ತನ್ನದೇ ಬ್ರ್ಯಾಂಡಿನ ಬಿಡಿಭಾಗ ಹಾಕಿಸಲೇಬೇಕೆಂದು ಕಂಪನಿ ವಾರಂಟಿಗೆ ಷರತ್ತು ಹಾಕುವಂತಿಲ್ಲ, ಅದನ್ನು ಪುಕ್ಕಟೆ ಕೊಟ್ಟರೆ ಬೇರೆ ಮಾತು. ಆದರೆ ಸರಿಯಾದ ಎಣ್ಣೆಯನ್ನು ಸರಿಯಾದ ಹೊತ್ತಿಗೆ ಹಾಕಿದ್ದಕ್ಕೆ ಪುರಾವೆ ನಿಮ್ಮ ಬಳಿ ಇರಬೇಕು. ರಸೀದಿ ಮತ್ತು ಓಡೋಮೀಟರಿನ ಫೋಟೊ ಒಟ್ಟಿಗೆ ಇಟ್ಟುಕೊಳ್ಳಿ. ಗ್ಯಾರೇಜಿಗೆ ಕೊಟ್ಟರೆ ಬಿಲ್ಲಿನಲ್ಲಿ ಎಣ್ಣೆಯ ಹೆಸರು, ದಪ್ಪ, ದರ್ಜೆ ಬರೆಸಿಕೊಳ್ಳಿ.

ಎಷ್ಟು ದಿನಕ್ಕೆ ಎಂದರೆ, ಟೊಯೋಟಾ ರಾವ್4ಗೆ ಹೇಳುವುದು 10,000 ಮೈಲಿ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಹಿಮದಲ್ಲಿ ಮಕ್ಕಳ ಶಾಲೆಗೂ ದಿನಸಿಗೂ ಅಷ್ಟಷ್ಟೇ ದೂರ ಓಡಿಸುವವರಿಗೆ 5,000. ನಾನು ಎಲ್ಲ ಕಾಲಕ್ಕೂ 5,000ವನ್ನೇ ಹಿಡಿದಿದ್ದೇನೆ.

ಬಸಿದ ಎಣ್ಣೆಯನ್ನು ಖಾಲಿ ಡಬ್ಬಕ್ಕೆ ತುಂಬಿ, ಬೇರೇನೂ ಬೆರೆಸದೆ, ಆಟೋಜೋನ್ ಅಥವಾ ಓ'ರೈಲಿಯಂಥ ಬಿಡಿಭಾಗದ ಅಂಗಡಿಗೆ ಒಯ್ದರೆ ಸುಮ್ಮನೆ ತೆಗೆದುಕೊಳ್ಳುತ್ತಾರೆ. ಮಾವನವರೂ ಜೊತೆಗೆ ಬಂದಿದ್ದರು. ಹೊರಗೆ ಬಂದ ಮೇಲೆ ಮೆಲ್ಲಗೆ ಕೇಳಿದರು: "ಕೊಟ್ಟು ಬಂದಿರಲ್ಲ, ದುಡ್ಡೇನೂ ಕೊಡಲಿಲ್ಲವೇ?"