ಟೋಕನ್ ಕೊಟ್ಟರೆ ಚಾರ್ಜ್ ಕೊಟ್ಟ ಹಾಗಲ್ಲ

ತೀರ್ಥಹಳ್ಳಿ ಸುತ್ತಿನ ಕಾಳುಮೆಣಸನ್ನು ಹೊರದೇಶಕ್ಕೆ ಕಳಿಸುವ ಸಣ್ಣ ಕಚೇರಿ ನಮ್ಮದು. ಮಾಲು ಪಣಂಬೂರು ಬಂದರಿನಿಂದ ಹಡಗು ಹತ್ತುತ್ತದೆ. ಎಕ್ಸ್‌ಪೋರ್ಟ್ ದಾಖಲೆಗಳನ್ನೆಲ್ಲ ಹಿರಿಯ ಅಕೌಂಟೆಂಟ್ ಸಾರ್ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಅವರು ನಿವೃತ್ತರಾಗುವಾಗ ಆ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ವಾರವೇ ಸಿಕ್ಕಿಕೊಂಡೆ. ವಿದೇಶ ವ್ಯಾಪಾರ ನಿರ್ದೇಶನಾಲಯದ (ಡಿಜಿಎಫ್‌ಟಿ) ಪೋರ್ಟಲ್ ತೆರೆದರೆ ಓಟಿಪಿ ಹೋಗಿದ್ದು ಸಾರ್ ಮೊಬೈಲಿಗೆ. ಅವರು ಹೊಸನಗರದ ಕಡೆ ತೋಟದಲ್ಲಿ, ಮಳೆ ಬೇರೆ, ನೆಟ್‌ವರ್ಕ್ ಇಲ್ಲ. ಸಂಜೆ ಸಿಕ್ಕಾಗ, "ಟೋಕನ್ ಡ್ರಾಯರಲ್ಲೇ ಇದ್ಯಲ್ಲ ಮಾರಾಯ್ತಿ, ಪಿನ್ ಹೇಳ್ತೀನಿ ಬರ್ಕೋ" ಅಂದರು. ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ಆದರೆ ಟೋಕನ್ ಅಂದರೆ ಡಿಜಿಟಲ್ ಸಹಿ ಇಡುವ ಯುಎಸ್‌ಬಿ ಕಡ್ಡಿ, ಅದರಲ್ಲಿರುವುದು ಅವರ ಹೆಸರಿನ ಸಹಿ. ನಾನು ಬರೆದ ತೂಕಕ್ಕೆ, ಬೆಲೆಗೆ ಅವರು ಜವಾಬು ಹೇಳಬೇಕಾಗುತ್ತದೆ. 2000ದ ಐಟಿ ಕಾಯ್ದೆ ಪ್ರಕಾರ ಆ ಸಹಿಯ ಕೀಲಿ ಅವರ ಕೈಯಲ್ಲೇ ಇರಬೇಕು. ನಾನು ಒಪ್ಪಲಿಲ್ಲ.

ನನ್ನ ಹೆಸರಿಗೇ ಕ್ಲಾಸ್ 3 ಡಿಎಸ್‌ಸಿ, ಅಂದರೆ ಡಿಜಿಟಲ್ ಸಹಿ ಪ್ರಮಾಣಪತ್ರ, ಮಾಡಿಸಿದೆ. ವಿಡಿಯೋ ಪರಿಶೀಲನೆ ಮುಗಿಸಿ, ಮಾಲೀಕರಿಂದ ಅಧಿಕಾರಪತ್ರ ಬರೆಸಿಕೊಂಡು ಕಸ್ಟಮ್ಸ್‌ನ ಐಸ್‌ಗೇಟ್ ಪೋರ್ಟಲ್‌ನಲ್ಲಿ ನೋಂದಾಯಿಸಿದೆ. ನಮ್ಮ ಆಮದು-ರಫ್ತು ಕೋಡ್‌ನಲ್ಲಿ (ಐಇಸಿ) ಇದ್ದ ಮೊಬೈಲ್, ಇಮೇಲ್ ಎರಡನ್ನೂ ಬದಲಿಸಿ ಕಚೇರಿಯದೇ ಹಾಕಿದೆವು. ಇದನ್ನು ಯಾರೂ ಮುಂದೂಡಬೇಡಿ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಐಇಸಿ ವಿವರ ಖಚಿತಪಡಿಸದಿದ್ದರೆ ಅದು ನಿಷ್ಕ್ರಿಯವಾಗುತ್ತದೆ. ಐಜಿಎಸ್‌ಟಿ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ ಎಲ್‌ಯುಟಿಯನ್ನೂ ಪ್ರತಿ ಆರ್ಥಿಕ ವರ್ಷಕ್ಕೆ ಹೊಸದಾಗಿ ಸಲ್ಲಿಸಬೇಕು. ಹಳಬರ ತಲೆಯಲ್ಲಿರುವ ಇಂಥ ದಿನಾಂಕಗಳೇ ಮೊದಲು ಕಳೆದುಹೋಗುವುದು.

ನಿಜವಾದ ಹಸ್ತಾಂತರ ಆಗಿದ್ದು ಒಂದು ಗೆರೆ ಪುಸ್ತಕದಲ್ಲಿ. ಇನ್ವಾಯ್ಸ್ ನಂಬರ್, ಶಿಪ್ಪಿಂಗ್ ಬಿಲ್ (ಕಸ್ಟಮ್ಸ್‌ಗೆ ಕೊಡುವ ರಫ್ತು ಘೋಷಣೆ) ನಂಬರ್, ಸಹಿ ಯಾರದು, ಏನು ಬಾಕಿ, ಪ್ರಶ್ನೆ ಬಂದರೆ ಉತ್ತರ ಯಾರದು, ಹೀಗೆ ಐದು ಕಾಲಂ. ಸಾರ್ ಎರಡು ವಾರ ಪಕ್ಕದಲ್ಲೇ ಕೂತು ಒಂದೊಂದು ಫೈಲನ್ನೂ ಹೇಳಿ ಬರೆಸಿದರು. ಕೊನೆಗೆ ಕೆಂಪು ಶಾಯಿಯಲ್ಲಿ ದಿನಾಂಕ ಹಾಕಿ ಇಬ್ಬರೂ ಸಹಿ ಮಾಡಿದೆವು. ಅದಕ್ಕೂ ಮೊದಲು ಅವರು ಸಹಿ ಮಾಡಿದ್ದನ್ನು ನಾನು ತಿದ್ದುವುದಿಲ್ಲ. ಆಮೇಲಿನದು ಪೂರ್ತಿ ನನ್ನದು.

ಆ ಎರಡು ವಾರದಲ್ಲಿ ಅವರು ಮೌಸ್ ಮುಟ್ಟಲಿಲ್ಲ. ಮೊದಲ ಲೋಡ್ 250 ಚೀಲ, ಚೀಲಕ್ಕೆ 50 ಕೆಜಿ. ನೆಟ್ ತೂಕ 12,500 ಕೆಜಿ ಆಗಬೇಕಿತ್ತು. ನಾನು ಆ ಜಾಗದಲ್ಲಿ ಚೀಲದ ತೂಕವೂ ಸೇರಿದ ಗ್ರಾಸ್ ಹಾಕಿದ್ದೆ. "ಫೈಟೋ ಸರ್ಟಿಫಿಕೇಟ್ ತೆಗ್ದು ಪಕ್ಕ ಇಟ್ಕೊಂಡು ನೋಡು" ಅಂದರು, ಅಷ್ಟೇ. ಮಾಲಿಗೆ ಕೀಟ-ರೋಗ ಇಲ್ಲವೆಂದು ಕೊಡುವ ಪತ್ರ ಅದು, ಅದರಲ್ಲಿ ತೂಕವೂ ಇರುತ್ತದೆ. ತಪ್ಪು ನನಗೇ ಕಂಡಿತು. ಅವರೇ ತಿದ್ದಿದ್ದರೆ ನಾನು ಕಲಿಯುತ್ತಿರಲಿಲ್ಲ.

ಹೊರಡುವ ದಿನ ಅವರ ಲಾಗಿನ್ ತೆಗೆಯುವ ಮಾತೆತ್ತಲು ನನಗೆ ಸಂಕೋಚವಾಯಿತು. "ನಾಳೆ ನಿಮ್ಮ ಹೆಸರಲ್ಲಿ ಏನೂ ಹೋಗಬಾರದು, ಅಲ್ವಾ ಸಾರ್" ಅಂದೆ. ಕೂತು ತಾವೇ ತೆಗೆಸಿದರು. ಡಿಎಸ್‌ಸಿ ರದ್ದಿಗೂ ಅರ್ಜಿ ಹಾಕಿದರು.

ಹೋದ ತಿಂಗಳು ಹಳೆಯ ಶಿಪ್ಪಿಂಗ್ ಬಿಲ್ ಒಂದರ ಬಗ್ಗೆ ಪ್ರಶ್ನೆ ಬಂತು. ಪುಸ್ತಕ ತೆಗೆದೆ. ಸಾರ್ ಸಹಿ, ಪಕ್ಕದಲ್ಲೇ ಕಾರಣ. ಅವರ ಮನೆಯ ಲ್ಯಾಂಡ್‌ಲೈನಿಗೆ ಫೋನ್ ಮಾಡಿ ಕೇಳಿಕೊಂಡೆ. ಮಧ್ಯಾಹ್ನದ ಊಟಕ್ಕೆ ಮೊದಲೇ ಉತ್ತರ ಹೋಯಿತು.