ಟೂರಿಸಂ ಪಾಠ ಮಾಡುವ ಕೆಲಸಕ್ಕೆ ಬರಬೇಕೆನ್ನುವವರಿಗೆ

ಹಂಪಿ ಪಕ್ಕದ ಕಮಲಾಪುರದಲ್ಲಿ ನಮ್ಮಪ್ಪ ಬಾಡಿಗೆ ಸೈಕಲ್ ಅಂಗಡಿ ಇಟ್ಟಿದ್ದರು. ಹನ್ನೊಂದು ಸೈಕಲ್, ಒಂದು ಪಂಪು, ಪಂಚರ್ ಹಾಕುವ ಡಬ್ಬಿ, ಒಂದು ಉದ್ದನೆಯ ಲೆಕ್ಕದ ಪುಸ್ತಕ. ಶಾಲೆ ಬಿಟ್ಟ ಮೇಲೆ ಪುಸ್ತಕ ನನ್ನ ಕೈಗೆ ಬರುತ್ತಿತ್ತು. ಹೆಸರು, ಊರು, ಸೈಕಲ್ ನಂಬರ್, ಹೋದ ಹೊತ್ತು, ಬಂದ ಹೊತ್ತು. ಬೆಂಗಳೂರು, ಹೈದರಾಬಾದಿನವರು ಬೆಳಿಗ್ಗೆ ಒಯ್ದ ಸೈಕಲ್ಲನ್ನು ಮಧ್ಯಾಹ್ನದ ಊಟದ ಹೊತ್ತಿಗೆ ತಂದು ನಿಲ್ಲಿಸಿಬಿಡುತ್ತಿದ್ದರು. ಹೊರದೇಶದವರು ಅದನ್ನೇ ನಾಲ್ಕೈದು ದಿನ ಇಟ್ಟುಕೊಳ್ಳುತ್ತಿದ್ದರು. ಯಾಕಪ್ಪಾ ಹೀಗೆ ಅಂತ ಕೇಳಿದರೆ, "ಅವರಿಗೆ ಬಿಡುವು ಐತಿ ಮಗಾ, ಇವರಿಗೆ ಇಲ್ಲ" ಅಂದಿದ್ದರು.

ಈಗ ವಿಶ್ವವಿದ್ಯಾಲಯದಲ್ಲಿ ಪ್ರವಾಸೋದ್ಯಮ ಪಾಠ ಮಾಡುತ್ತಿದ್ದೇನೆ. ಯಾರಿಗೆ ಬಿಡುವು ಇದೆ, ಯಾರಿಗೆ ಇಲ್ಲ, ಬಿಡುವು ಸಿಕ್ಕವರು ಎಲ್ಲಿಗೆ ಹೋಗುತ್ತಾರೆ, ಅವರು ಹೋದ ಊರಿಗೆ ಏನಾಗುತ್ತದೆ? ನಮ್ಮ ವಿಷಯದ ಹೂರಣ ಇಷ್ಟೇ. ನನ್ನ ಹಾಗೆ ಲೆಕ್ಚರರ್ ಆಗಬೇಕು ಅಂತ ವರ್ಷಕ್ಕೆ ನಾಲ್ಕೈದು ಮಕ್ಕಳಾದರೂ ಬಂದು ಕೇಳುತ್ತಾರೆ. ಅವರಿಗೆ ಕೂತು ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಡಿಗ್ರಿ. ಬಿಎದಲ್ಲಿ ಇತಿಹಾಸ ಓದಿದವರು, ಬಿಕಾಂನವರು, ಬಿಬಿಎ, ಹೋಟೆಲ್ ಮ್ಯಾನೇಜ್‌ಮೆಂಟ್‌ನವರು, ಎಲ್ಲ ಕಡೆಯಿಂದಲೂ ಇಲ್ಲಿಗೆ ಬರುತ್ತಾರೆ. ನಾನು ಇತಿಹಾಸದಿಂದ ಬಂದವಳು. ಆದರೆ ಎಂಎ, ಎಂಬಿಎ ಹಂತದಲ್ಲಿ ಎಚ್ಚರ ಬೇಕು. ಒಂದು ಕಡೆ ಎಂಟಿಎ, ಇನ್ನೊಂದು ಕಡೆ ಎಂಟಿಟಿಎಂ, ಮತ್ತೊಂದು ಕಡೆ ಎಂಬಿಎ ಟೂರಿಸಂ ಅಂತ ಒಂದೇ ಓದಿಗೆ ಮೂರು ನಾಲ್ಕು ಹೆಸರಿವೆ. ಮಾಮೂಲಿ ಎಂಬಿಎ ಮಾಡಿ ಟೂರಿಸಂನ ಒಂದೆರಡು ಪೇಪರ್ ತೆಗೆದುಕೊಂಡವರಿಗೆ ಮುಂದೆ ಅರ್ಜಿ ಪರಿಶೀಲನೆಯಲ್ಲಿ ತಕರಾರು ಬರಬಹುದು. ಸೇರುವ ಮೊದಲೇ ಹಳೆಯ ನೇಮಕಾತಿ ಅಧಿಸೂಚನೆಗಳನ್ನು ತೆಗೆದು ಯಾವ ಡಿಗ್ರಿ ಕೇಳಿದ್ದಾರೆ ನೋಡಿ. ಹೊರಗೆ ಹೋಗಿ ಓದಲು ಮನೆಯಲ್ಲಿ ಒಪ್ಪಿದರೆ, ಕೇಂದ್ರ ಸರ್ಕಾರ 1983ರಲ್ಲಿ ಶುರು ಮಾಡಿದ, ಪ್ರವಾಸೋದ್ಯಮವನ್ನೇ ಕಲಿಸುವ ಸಂಸ್ಥೆ ಐಐಟಿಟಿಎಂ ಇದೆ. ಗ್ವಾಲಿಯರ್ ಅಲ್ಲದೆ ಗೋವಾ, ನೆಲ್ಲೂರಿನಲ್ಲೂ ಅದರ ಕ್ಯಾಂಪಸ್ ಇದೆ, ನಮಗೆ ದೂರವೇನಲ್ಲ. ಪುದುಚೇರಿ ವಿಶ್ವವಿದ್ಯಾಲಯದ ವಿಭಾಗವೂ ಒಳ್ಳೆಯದು. ಸ್ನಾತಕೋತ್ತರದಲ್ಲಿ 55 ಪರ್ಸೆಂಟ್ ಬೇಕೇ ಬೇಕು. ಪರಿಶಿಷ್ಟರು, ಹಿಂದುಳಿದ ವರ್ಗದವರು ಮತ್ತು ಅಂಗವಿಕಲರಿಗೆ 5 ಪರ್ಸೆಂಟ್ ರಿಯಾಯಿತಿ ಉಂಟು. 54.6 ಬಂದು ಒದ್ದಾಡಿದವರನ್ನು ಕಣ್ಣಾರೆ ಕಂಡಿದ್ದೇನೆ. ಮೊದಲ ಸೆಮಿಸ್ಟರಿನಿಂದಲೇ ಮಾರ್ಕ್ಸ್ ಕಡೆ ನಿಗಾ ಇರಲಿ.

ಆಮೇಲೆ ನೆಟ್, ಅಂದರೆ ಕಾಲೇಜು, ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವವರಿಗಿರುವ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ. ನಮ್ಮ ವಿಷಯದ ಹೆಸರು ಟೂರಿಸಂ ಅಡ್ಮಿನಿಸ್ಟ್ರೇಷನ್ ಅಂಡ್ ಮ್ಯಾನೇಜ್‌ಮೆಂಟ್, ಕೋಡ್ 93. ನಾನು ಬರೆಯುವಾಗ ಮೂರು ಪೇಪರ್ ಇದ್ದವು, ಮೂರನೆಯದನ್ನು ಪ್ರಬಂಧದ ಹಾಗೆ ಕೈಯಲ್ಲೇ ಬರೆಯಬೇಕಿತ್ತು. ಈಗ ಎರಡೇ ಪೇಪರ್. ಎರಡೂ ಸೇರಿ 150 ಪ್ರಶ್ನೆ, 300 ಅಂಕ, ಮೂರು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ಇಂಥದ್ದೇ ರಾಜ್ಯಮಟ್ಟದ ಪರೀಕ್ಷೆ ಸೆಟ್, ನಮ್ಮಲ್ಲಿ ಕೆಸೆಟ್ ಅನ್ನುತ್ತಾರೆ. ಅದನ್ನು ಮೊದಲು ಮೈಸೂರು ವಿಶ್ವವಿದ್ಯಾಲಯ ನಡೆಸುತ್ತಿತ್ತು, ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುತ್ತದೆ. ಅದನ್ನೂ ಬರೆಯಿರಿ. ಇತಿಹಾಸದಿಂದ ಬಂದವರಿಗೆ ಟಿಕೆಟಿಂಗ್ ಮತ್ತು ಲೆಕ್ಕಪತ್ರ ಕಷ್ಟ. ಕಾಮರ್ಸ್‌ನವರಿಗೆ ಗುಡಿ, ಶಿಲ್ಪ, ಜಾತ್ರೆ ಕಷ್ಟ. ಇಬ್ಬರೂ ಜೊತೆಗೆ ಕೂತು ಓದಿದರೆ ಇಬ್ಬರಿಗೂ ಲಾಭ. ನನಗೆ ವಿಮಾನ ನಿಲ್ದಾಣಗಳ ಮೂರಕ್ಷರದ ಕೋಡು ಹತ್ತುತ್ತಲೇ ಇರಲಿಲ್ಲ. ನಮ್ಮ ಪಕ್ಕದ ತೋರಣಗಲ್ಲಿನದು ವಿಡಿವೈ, ಹುಬ್ಬಳ್ಳಿಯದು ಎಚ್‌ಬಿಎಕ್ಸ್, ಮಂಗಳೂರಿನದು ಐಎಕ್ಸ್‌ಇ ಅಂತ ಗೊತ್ತಿದ್ದ ಊರಿನಿಂದ ಶುರು ಮಾಡಿದೆ. ಆಮೇಲೆ ಲಂಡನ್, ದುಬೈ ಎಲ್ಲ ತಾವೇ ಬಂದವು.

2023ರ ಜುಲೈಯಿಂದ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ಪಿಎಚ್‌ಡಿ ಕಡ್ಡಾಯವಿಲ್ಲ, ನೆಟ್ ಅಥವಾ ಸೆಟ್ ಸಾಕು ಅಂತ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಹೇಳಿದೆ. ಅದನ್ನು ನಂಬಿಕೊಂಡು ಪಿಎಚ್‌ಡಿ ಬಿಟ್ಟುಬಿಡಬೇಡಿ. ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದವರಲ್ಲಿ ಯಾರನ್ನು ಸಂದರ್ಶನಕ್ಕೆ ಕರೆಯಬೇಕು ಅಂತ ನೋಡಲು ಯುಜಿಸಿಯ 2018ರ ನಿಯಮದಲ್ಲಿ ನೂರು ಅಂಕದ ಒಂದು ಪಟ್ಟಿ ಇದೆ. ಅದರಲ್ಲಿ ಪಿಎಚ್‌ಡಿಗೆ 30 ಅಂಕ. ಜೆಆರ್‌ಎಫ್ (ನೆಟ್‌ನಲ್ಲಿ ಮೇಲಿನ ಅಂಕ ಪಡೆದವರಿಗೆ ಸಿಗುವ ಸಂಶೋಧನಾ ಸಹಾಯಧನ) ಜೊತೆಗಿನ ನೆಟ್‌ಗೆ 7, ಬರೀ ನೆಟ್‌ಗೆ 5, ಸೆಟ್‌ಗೆ 3. ಪಾಠ ಮಾಡಿದ ಒಂದೊಂದು ವರ್ಷಕ್ಕೆ 2 ಅಂಕದಂತೆ ಹೆಚ್ಚೆಂದರೆ 10. ಲೇಖನಗಳಿಗೂ ಹಾಗೇ. ಲೆಕ್ಕ ನೀವೇ ಹಾಕಿ.

ಅತಿಥಿ ಉಪನ್ಯಾಸಕರಾಗಿ ದುಡಿಯುವ ವರ್ಷಗಳು ಎಲ್ಲರಿಗೂ ಬರುತ್ತವೆ. ನನಗೆ ಐದು ವರ್ಷ ಬಂತು. ಬೆಳಿಗ್ಗೆ ಒಂದು ಕಾಲೇಜು, ಮಧ್ಯಾಹ್ನ ಇನ್ನೊಂದು. ಒಂದು ಕಡೆ ಎರಡು ವರ್ಷ ದುಡಿದೆ, ಸಂಬಳ ಕೈಗೆ ಕೊಡುತ್ತಿದ್ದರು, ನೇಮಕಾತಿ ಪತ್ರ ಕೇಳಿದಾಗಲೆಲ್ಲ "ಆಮೇಲೆ ನೋಡೋಣ ಮೇಡಂ" ಅನ್ನುತ್ತಿದ್ದರು. ಬಿಡುವಾಗ ಅನುಭವ ಪತ್ರವನ್ನೂ ಕೊಡಲಿಲ್ಲ. ಆ ಎರಡು ವರ್ಷ ನನ್ನ ಅರ್ಜಿಯಲ್ಲಿ ಇಲ್ಲವೇ ಇಲ್ಲ. ಅದರ ಸಂಕಟ ಇವತ್ತಿಗೂ ಇದೆ. ಆದ್ದರಿಂದ ಸೇರಿದ ದಿನವೇ ಆದೇಶದ ಪ್ರತಿ ಕೇಳಿ. ಸಂಬಳ ಬ್ಯಾಂಕಿಗೇ ಬರಲಿ. ಟೈಮ್ ಟೇಬಲ್ ಪ್ರತಿ, ಹಾಜರಿ, ಪರೀಕ್ಷಾ ಕೆಲಸದ ಆದೇಶ, ಎಲ್ಲವನ್ನೂ ಒಂದು ಫೈಲಿನಲ್ಲಿ ಇಡಿ. ಕಲ್ಯಾಣ ಕರ್ನಾಟಕದವರಾದರೆ 371ಜೆ ಪ್ರಮಾಣಪತ್ರವನ್ನು (ಈ ಭಾಗದವರ ಮೀಸಲಾತಿಗೆ ಬೇಕಾದದ್ದು) ಮೊದಲೇ ಮಾಡಿಸಿಟ್ಟುಕೊಳ್ಳಿ. ಅರ್ಜಿ ಕರೆದ ಮೇಲೆ ಓಡಾಡಲು ದಿನ ಸಾಲುವುದಿಲ್ಲ.

ಪಿಎಚ್‌ಡಿಗೆ ವಿಷಯ ಹುಡುಕುವಾಗ "ಕರ್ನಾಟಕದ ಪ್ರವಾಸೋದ್ಯಮ: ಸಮಸ್ಯೆ ಮತ್ತು ಸಾಧ್ಯತೆ" ಅನ್ನುವ ತರಹದ ಹೆಸರು ದಯವಿಟ್ಟು ಬೇಡ. ಪಿಎಚ್‌ಡಿ ಪ್ರಬಂಧಗಳನ್ನು ಇಟ್ಟಿರುವ ಶೋಧಗಂಗಾ ತಾಣ ತೆರೆದು ನೋಡಿ, ಅಂಥವು ರಾಶಿ ಇವೆ. ಒಂದು ಊರು ಹಿಡಿಯಿರಿ. ಆ ಊರಿನಲ್ಲಿ ಒಂದು ಕೆಲಸ ಹಿಡಿಯಿರಿ. ನಾನು ಹಿಡಿದದ್ದು ಅಪ್ಪನ ಲೆಕ್ಕದ ಪುಸ್ತಕ. ಅಟ್ಟದ ಮೇಲೆ ಹದಿನಾಲ್ಕು ಪುಸ್ತಕ ಸಿಕ್ಕವು, ಎರಡಕ್ಕೆ ಗೆದ್ದಲು ಹಿಡಿದಿತ್ತು. ಯಾವ ತಿಂಗಳು ಎಷ್ಟು ಸೈಕಲ್ ಹೋದವು, ಎಷ್ಟು ಹೊತ್ತು ಹೊರಗಿದ್ದವು, ಯಾವ ಊರಿನವರು ಒಯ್ದರು ಅಂತ ಸಾಲು ಸಾಲಾಗಿ ಕಂಪ್ಯೂಟರಿಗೆ ಹಾಕಿದೆ. ಅಪ್ಪನ ಅಕ್ಷರ ಓದಲಾಗದ ಕಡೆ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡೆ. ಪ್ರಬಂಧದ ಅರ್ಧ ಬಂದದ್ದು ಅದರಿಂದಲೇ. ನಿಮ್ಮ ಊರಿನಲ್ಲೂ ಲಾಡ್ಜಿನ ರಿಜಿಸ್ಟರ್ ಇರುತ್ತದೆ, ಗುಡಿಯ ಸೇವಾ ರಸೀದಿ ಇರುತ್ತದೆ, ಹರಿಗೋಲು ನಡೆಸುವವರ ನೆನಪು ಇರುತ್ತದೆ. ನಿಯಮದ ಪ್ರಕಾರ ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 6. ಜೆಆರ್‌ಎಫ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ ಬರುತ್ತದೆ, ಮನೆಯವರ ಮುಂದೆ ಕೈ ಚಾಚುವ ಕಷ್ಟ ತಪ್ಪುತ್ತದೆ. ದುಡ್ಡು ಕೇಳಿ ವಾರದಲ್ಲಿ ಲೇಖನ ಅಚ್ಚು ಹಾಕುವ ಪತ್ರಿಕೆಗಳ ಸಹವಾಸ ಬೇಡ.

ಇನ್ನು ಪಾಠ. ನನ್ನ ಮೊದಲ ಕ್ಲಾಸಿನಲ್ಲಿ, ಪ್ರವಾಸೋದ್ಯಮದ ವಿದ್ವಾಂಸ ಲೈಪರ್ 1979ರಲ್ಲಿ ಕೊಟ್ಟ ಪ್ರವಾಸದ ಮಾದರಿಯನ್ನು ಇಂಗ್ಲಿಷ್ ನೋಟ್ಸ್ ನೋಡಿಕೊಂಡು ಹೇಳಿದೆ. ಮೂವತ್ತೆರಡು ಮಕ್ಕಳು, ಒಂದು ಮಾತಿಲ್ಲ. ಮಾರನೇ ದಿನ ನೋಟ್ಸ್ ಮುಚ್ಚಿಟ್ಟು "ಮೈಲಾರ ಜಾತ್ರೆಗೆ ಹೋದವರು ಕೈ ಎತ್ತಿ" ಅಂದೆ. ಅರ್ಧಕ್ಕರ್ಧ ಕೈ ಮೇಲೆ. ಎಲ್ಲಿಂದ ಹೊರಟಿರಿ? ಬಂಡಿಯೋ, ಟ್ರ್ಯಾಕ್ಟರೋ, ಬಸ್ಸೋ? ದಾರಿಯಲ್ಲಿ ಎಲ್ಲಿ ಇಳಿದಿರಿ, ಬುತ್ತಿ ಎಲ್ಲಿ ಬಿಚ್ಚಿದಿರಿ? ಅಲ್ಲಿ ಎಲ್ಲಿ ಮಲಗಿದಿರಿ, ಏನು ಕೊಂಡಿರಿ? ಒಬ್ಬ ಹುಡುಗಿ, "ಕಾರಣಿಕ ಕೇಳೋ ತನಕ ಯಾರೂ ಊರಿಗೆ ಹೊರಡಂಗಿಲ್ಲ ಮೇಡಂ" ಅಂದಳು. ಹೊರಡುವ ಊರು, ಸಾಗುವ ದಾರಿ, ಸೇರುವ ಊರು ಮೂರನ್ನೂ ಅವರ ಮಾತಿನಿಂದಲೇ ಬೋರ್ಡಿನ ಮೇಲೆ ಬರೆದೆ. ಕೊನೆಗೆ "ಇದೇ ಲೈಪರ್ ಹೇಳಿದ್ದು" ಅಂದೆ. ಆಮೇಲೆ ಆ ಮಾದರಿಯನ್ನು ಯಾರೂ ಮರೆಯಲಿಲ್ಲ. ಪಾಠಕ್ಕೆ ಉದಾಹರಣೆ ಸ್ವಿಟ್ಜರ್‌ಲೆಂಡಿನಿಂದಲೇ ಬರಬೇಕು ಅಂತೇನಿಲ್ಲ, ಅಲ್ವಾ?

'ಲೀಜರ್', ಅಂದರೆ ಬಿಡುವಿನ ಪಾಠಕ್ಕೆ ನಾನು ಒಂದು ಮನೆಗೆಲಸ ಕೊಡುತ್ತೇನೆ. ಭಾನುವಾರ ಬೆಳಿಗ್ಗೆಯಿಂದ ರಾತ್ರಿವರೆಗೆ ಅವ್ವ ಏನೇನು ಮಾಡಿದಳು ಅಂತ ಅರ್ಧ ಗಂಟೆಗೊಮ್ಮೆ ಬರೆದುಕೊಂಡು ಬನ್ನಿ. ಒಬ್ಬ ಹುಡುಗ ಬರೆದದ್ದು ನನ್ನ ಹತ್ತಿರ ಈಗಲೂ ಇದೆ. ಬೆಳಿಗ್ಗೆ ಐದಕ್ಕೆ ಕಸ, ನೀರು. ಆರಕ್ಕೆ ರೊಟ್ಟಿ. ಹೀಗೇ ಸಾಲು ಸಾಲು. ರಾತ್ರಿ ಒಂಬತ್ತೂವರೆಯ ಎದುರು "ಕುಂತಾಳ" ಅಂತ ಒಂದೇ ಪದ. ಅದರ ಪಕ್ಕದಲ್ಲಿ ಚಿಕ್ಕದಾಗಿ "ಅವರೆಕಾಯಿ ಸುಲಿಯಾಕತ್ತಾಳ". ಅದನ್ನು ಕ್ಲಾಸಿನಲ್ಲಿ ಓದುವಾಗ ಅವನ ದನಿ ತಗ್ಗಿತು. ಆಗ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯನ್ನು ಮುಂದಿಟ್ಟೆ. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ. ಅಂಕಿ ಅವತ್ತು ಅವರಿಗೆ ಬರೀ ಅಂಕಿಯಾಗಿ ಕಾಣಲಿಲ್ಲ. ಬಿಡುವು ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ ಅನ್ನುವುದನ್ನು ಕಲಿಸದೆ ಪ್ಯಾಕೇಜ್ ಟೂರ್ ಲೆಕ್ಕ ಕಲಿಸಲು ನನಗೆ ಮನಸ್ಸು ಬರುವುದಿಲ್ಲ.

ಕ್ಷೇತ್ರ ಭೇಟಿ ನಮ್ಮ ಲ್ಯಾಬು ಇದ್ದ ಹಾಗೆ. ಹೇಗೆ ಮಾಡಬೇಕು ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹದಿನೈದು ದಿನ ಮುಂಚೆ ಪ್ರಾಂಶುಪಾಲರ ಅನುಮತಿ, ಪೋಷಕರ ಒಪ್ಪಿಗೆ ಪತ್ರ. ಒಬ್ಬ ಮಹಿಳಾ ಶಿಕ್ಷಕಿ ಇರಲೇಬೇಕು. ಹೋಗುವ ಮೊದಲು ನೀವೊಬ್ಬರೇ ಒಮ್ಮೆ ಹೋಗಿ ಬನ್ನಿ. ಶೌಚಾಲಯ, ಕುಡಿಯುವ ನೀರು, ನೆರಳು ಎಲ್ಲಿವೆ ನೋಡಿಕೊಳ್ಳಿ. ರಜಾ ದಿನ ಕೇಳಿಕೊಳ್ಳಿ. ಕಮಲಾಪುರದ ಪುರಾತತ್ವ ಮ್ಯೂಸಿಯಂ ಶುಕ್ರವಾರ ಮುಚ್ಚಿರುತ್ತದೆ. ಅದೇ ಊರಿನವಳಾಗಿ ನಾನೇ ಒಮ್ಮೆ ಶುಕ್ರವಾರ ಮಕ್ಕಳನ್ನು ಕರೆದೊಯ್ದಿದ್ದೆ.

ಹಂಪಿಗೆ ಹೋದಾಗ ಗುಂಪುಗಳನ್ನು ಹಂಚುತ್ತೇನೆ. ಒಂದು ಗುಂಪು ಗೆಜ್ಜಲ ಮಂಟಪದ ಹತ್ತಿರ ನಿಲ್ಲುತ್ತದೆ. ವಾಹನ ಅಲ್ಲಿಯವರೆಗೆ ಮಾತ್ರ, ವಿಠ್ಠಲ ಗುಡಿಗೆ ಬ್ಯಾಟರಿ ಗಾಡಿಯಲ್ಲಿ ಇಲ್ಲವೇ ನಡೆದು ಹೋಗಬೇಕು. ಆ ಗಾಡಿ ಓಡಿಸುವ ಹೆಂಗಸರ ಜೊತೆ ಮಾತಾಡಿ ಬರುವುದು ಅವರ ಕೆಲಸ. ಇನ್ನೊಂದು ಗುಂಪು ಕಲ್ಲಿನ ರಥದ ಎದುರು. ಅಲ್ಲಿ ಜನ ಐವತ್ತರ ನೋಟು ಹಿಡಿದು, ನೋಟಿನ ರಥ ಮತ್ತು ನಿಜವಾದ ರಥ ಒಂದೇ ಸಾಲಿಗೆ ಬರುವ ಹಾಗೆ ಫೋಟೊ ತೆಗೆಯುತ್ತಾರೆ. ಫೋಟೊ ಆದ ಮೇಲೆ ಎಷ್ಟು ಜನ ಒಳಗಿನ ಮಂಟಪ ನೋಡುತ್ತಾರೆ, ಎಷ್ಟು ಜನ ಹಾಗೇ ತಿರುಗುತ್ತಾರೆ ಅಂತ ಎಣಿಸಬೇಕು. ಎಣಿಸುವ ಹಾಳೆಯನ್ನು ಹಿಂದಿನ ದಿನವೇ ಅವರ ಕೈಯಿಂದ ಮಾಡಿಸಿ. ಬಾಯಿಮಾತಿನಲ್ಲಿ ಹೇಳಿ ಕಳಿಸಿದರೆ ಸಂಜೆಗೆ ಸೆಲ್ಫಿ ಮಾತ್ರ ವಾಪಸ್ ಬರುತ್ತವೆ.

ಹಂಪಿ ಬಜಾರಿಗೆ ಹೋದಾಗ ನನ್ನ ದನಿ ತಾನಾಗಿ ತಗ್ಗುತ್ತದೆ. 2011ರಲ್ಲಿ ಅಲ್ಲಿನ ಸಾಲುಮಂಟಪಗಳಲ್ಲಿದ್ದ ಮನೆ, ಅಂಗಡಿ ತೆರವಾದವು. 2020ರಲ್ಲಿ ಹೊಳೆಯ ಆಚೆ ವಿರೂಪಾಪುರ ಗಡ್ಡೆಯ ರೆಸಾರ್ಟುಗಳೂ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಹೋದವು. 1986ರಿಂದ ವಿಶ್ವ ಪರಂಪರೆ ತಾಣವಾಗಿರುವ ಊರು, ಕಲ್ಲನ್ನು ಕಾಯಬೇಕು, ಸರಿ. ಜನರ ಬದುಕನ್ನು ಯಾರು ಕಾಯಬೇಕು? ಇದನ್ನು ಉತ್ತರ ಕೊಡದೆ ಕೇಳಿಬಿಡುತ್ತೇನೆ. ಒಂದು ವರ್ಷ ಕ್ಲಾಸಿನಲ್ಲಿ ಅಲ್ಲಿಂದ ಎದ್ದು ಬಂದ ಮನೆಯ ಹುಡುಗನೇ ಇದ್ದ. ನನಗೆ ಅದು ಗೊತ್ತಿರಲಿಲ್ಲ. ಅವತ್ತು ಅವನು ಒಂದು ಕಂಬ ತೋರಿಸಿ "ಇಲ್ಲಿ ನಮ್ಮ ಒಲೆ ಇತ್ತು" ಅಂದ. ಅಂದಿನಿಂದ ಯಾವ ಊರಿಗೆ ಹೋಗುವ ಮುಂಚೆಯೂ ಆ ಊರಿನ ಮಕ್ಕಳು ಯಾರಿದ್ದಾರೆ ಅಂತ ಕೇಳಿ, ಅವರ ಜೊತೆ ಬೇರೆಯಾಗಿ ಕೂತು ಮಾತಾಡಿಕೊಳ್ಳುತ್ತೇನೆ. ನೀವೂ ಹಾಗೇ ಮಾಡಿ.

ಕಾಯಂ ಕೆಲಸ ಸಿಕ್ಕ ಮೇಲೆ ಏಳನೇ ವೇತನ ಆಯೋಗದ ಲೆಕ್ಕದಲ್ಲಿ ಮೂಲ ವೇತನ 57,700ರಿಂದ ಶುರು. ವಾರಕ್ಕೆ 16 ಗಂಟೆ ಪಾಠ. ಆದರೆ ನಮ್ಮ ವಿಭಾಗಗಳು ಚಿಕ್ಕವು, ಇಬ್ಬರು ಮೂವರಲ್ಲೇ ಪ್ರವೇಶಾತಿ, ಇಂಟರ್ನ್‌ಶಿಪ್, ಹೋಟೆಲಿನವರ ಜೊತೆ ಮಾತುಕತೆ ಎಲ್ಲ ನಡೆಯಬೇಕು. ಹೊಸಪೇಟೆಯ ಹೋಟೆಲುಗಳ ಮ್ಯಾನೇಜರ್‌ಗಳು, ಗೈಡ್‌ಗಳು, ಆಟೊದವರು ಇವರ ನಂಬರ್ ನನ್ನ ಫೋನಿನಲ್ಲಿ ಸಹೋದ್ಯೋಗಿಗಳ ನಂಬರಿಗಿಂತ ಜಾಸ್ತಿ ಇವೆ.

ಸಂದರ್ಶನಕ್ಕೆ ಹತ್ತು ನಿಮಿಷದ ಒಂದು ಪಾಠ ಸಿದ್ಧವಿರಲಿ. ನಿಮಗೆ ಚೆನ್ನಾಗಿ ಗೊತ್ತಿರುವ ಜಾಗದ ಮೇಲೇ ಇರಲಿ. ನಾನು ಪಿಪಿಟಿ ಒಯ್ಯಲಿಲ್ಲ. ಅಪ್ಪನ ಪುಸ್ತಕ ಒಂದನ್ನು ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಒಂದು ಪುಟ ತೆಗೆದು ಸಮಿತಿಯವರ ಮುಂದಿಟ್ಟು, ಬಂದ ಹೊತ್ತಿನಿಂದ ಹೋದ ಹೊತ್ತು ಕಳೆಯಲು ಹೇಳಿದೆ. ಹೊರಗಿನಿಂದ ಬಂದಿದ್ದ ಹಿರಿಯ ಪ್ರೊಫೆಸರ್ ಕನ್ನಡಕ ಏರಿಸಿಕೊಂಡು ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಲೆಕ್ಕ ಹಾಕಿದರು. ಕೊನೆಯ ಸಾಲಿಗೆ ಬಂದು, "ಇದೇನಮ್ಮಾ, ಇವರು ಸೈಕಲ್ ವಾಪಸ್ ತಂದೇ ಇಲ್ಲವಲ್ಲ?" ಅಂದರು. "ಅವರು ಆನೆಗೊಂದಿಯಲ್ಲೇ ಉಳಿದುಬಿಟ್ಟರು ಸರ್, ಅಪ್ಪನೇ ಹರಿಗೋಲಿನಲ್ಲಿ ದಾಟಿ ಹೋಗಿ ತಂದರು" ಅಂದೆ.