ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದಾಗ ವ್ಯಾಯಾಮ ಮಾಡುವ ಬಗೆ

ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಮೂಳೆಗೆ ಹರಡಿದೆ ಎಂದು ತಿಳಿದ ದಿನದಿಂದ ಮನೆಯವರು ರೋಗಿಯನ್ನು ಕುರ್ಚಿ ಬಿಟ್ಟು ಏಳಗೊಡುವುದಿಲ್ಲ. ನನ್ನ ದೊಡ್ಡಪ್ಪನ ವಿಷಯದಲ್ಲಿ ನಾವೂ ಹಾಗೆಯೇ ಮಾಡಿದೆವು. ಮೂರು ತಿಂಗಳಿಗೊಮ್ಮೆ ಮೈಸೂರಿಗೆ ಹೋಗಿ ಹಾರ್ಮೋನ್ ತಗ್ಗಿಸುವ ಇಂಜೆಕ್ಷನ್ ಹಾಕಿಸಿಕೊಂಡು ಬರುತ್ತಿದ್ದರು, ಉಳಿದ ದಿನಗಳಲ್ಲಿ ಜಗುಲಿಯಲ್ಲಿ ಕೂತಿರುತ್ತಿದ್ದರು. ಆಯುಷ್ಯವಿಡೀ ಕೊಡಗಿನ ಕಾಫಿ ತೋಟದ ಏರು ಹತ್ತಿಳಿದಿದ್ದ ಅವರು ಆರು ತಿಂಗಳಲ್ಲಿ ಎರಡೂ ಕೈ ಊರದೆ ಏಳಲಾರದಂತಾದರು. ಅದಕ್ಕೆ ರೋಗವೊಂದೇ ಕಾರಣವಾಗಿರಲಿಲ್ಲ.

ಈ ಕ್ಯಾನ್ಸರಿನ ಬೆಳವಣಿಗೆಗೆ ಟೆಸ್ಟೋಸ್ಟೀರಾನ್ ಎಂಬ ಗಂಡು ಹಾರ್ಮೋನ್ ಆಸರೆ ಎಂಬುದನ್ನು ಅಮೆರಿಕದ ವೈದ್ಯ ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿಕೊಟ್ಟರು. ಅದಕ್ಕಾಗಿ 1966ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಆ ಹಾರ್ಮೋನನ್ನು ತಗ್ಗಿಸುವುದೇ ಇಂದಿಗೂ ಚಿಕಿತ್ಸೆಯ ಬುನಾದಿ. ಆದರೆ ಸ್ನಾಯು ಮತ್ತು ಮೂಳೆಗಳನ್ನು ಗಟ್ಟಿಯಾಗಿಡುವುದೂ ಅದೇ ಹಾರ್ಮೋನ್ ಆದ್ದರಿಂದ, ಚಿಕಿತ್ಸೆ ಸಾಗಿದಂತೆ ತೋಳು ತೊಡೆಗಳು ಸೊರಗುತ್ತವೆ, ಮೂಳೆ ಸವೆಯುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ, ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುತ್ತದೆ. ಮಲಗಿದಷ್ಟೂ ಹೆಚ್ಚುವ ಒಂದು ಬಗೆಯ ಆಯಾಸವೂ ಜೊತೆಗೆ ಬರುತ್ತದೆ. ವ್ಯಾಯಾಮವು ಕ್ಯಾನ್ಸರನ್ನು ಗುಣಪಡಿಸುವುದಿಲ್ಲ. ಆದರೆ ಈ ಆಯಾಸವನ್ನು ತಗ್ಗಿಸಿ ಸ್ನಾಯುಬಲವನ್ನು ಉಳಿಸಿಕೊಡುತ್ತದೆ.

ಆರಂಭಿಸುವ ಮೊದಲು ಬೋನ್ ಸ್ಕ್ಯಾನ್ ವರದಿಯನ್ನು ವೈದ್ಯರಿಗೂ ಫಿಸಿಯೋಥೆರಪಿಸ್ಟರಿಗೂ ತೋರಿಸಿ, ಯಾವ ಯಾವ ಮೂಳೆಗೆ ಹರಡಿದೆ ಎಂಬುದನ್ನು ಸ್ಪಷ್ಟವಾಗಿ ಕೇಳಿ ಬರೆದುಕೊಳ್ಳಿ. ಈ ಹೆಜ್ಜೆಯನ್ನು ಎಂದಿಗೂ ಬಿಡಬಾರದು. ಬೆನ್ನುಮೂಳೆಗೆ ಹರಡಿದ್ದರೆ ಮುಂದಕ್ಕೆ ಬಾಗಿ ಭಾರ ಎತ್ತುವುದು, ಸೊಂಟ ತಿರುಚುವುದು ಬೇಡ. ಸೊಂಟ ಅಥವಾ ತೊಡೆಯ ಮೂಳೆಗೆ ಹರಡಿದ್ದರೆ ಒಂಟಿ ಕಾಲಿನಲ್ಲಿ ನಿಲ್ಲುವುದು, ಜಿಗಿಯುವುದು ಬೇಡ. ಆ ಕಾಲಿನ ಮೇಲೆ ಎಷ್ಟು ಭಾರ ಬಿಡಬಹುದೆಂದು ಕೇಳಿಯೇ ಮುಂದುವರಿಯಬೇಕು.

ನಡಿಗೆಗೆ ಕೊಡಗಿನ ತೋಟ ತಕ್ಕ ಜಾಗವಲ್ಲ. ತರಗೆಲೆಯ ಅಡಿಯಲ್ಲಿ ಬೇರು ಕಾಣುವುದಿಲ್ಲ, ಇಳಿಜಾರಿನಲ್ಲಿ ಕಾಲು ಜಾರಿದರೆ ಸವೆದ ಮೂಳೆ ಸುಲಭವಾಗಿ ಮುರಿಯುತ್ತದೆ. ಕಾಫಿ ಒಣಗಿಸುವ ಕಣ ಸಮತಟ್ಟಾಗಿರುವುದರಿಂದ ಅಲ್ಲಿಯೇ ಸುತ್ತು ಹಾಕುವುದು ಲೇಸು. ಕೊಯ್ಲಿನ ಕಾಲದಲ್ಲಿ ಕಾಫಿ ಹರವಿದ್ದರೆ ಮನೆಯ ಮುಂದಿನ ರಸ್ತೆ ಆಗುತ್ತದೆ, ಮಳೆಗಾಲದಲ್ಲಿ ಕಣಕ್ಕೆ ಪಾಚಿ ಕಟ್ಟುವುದರಿಂದ ಜಗುಲಿಯೇ ಸರಿ. ಮೊದಲು 5 ನಿಮಿಷ ನಡೆದು, ವಾರಕ್ಕೆ ಮೂರು ದಿನ 30 ನಿಮಿಷಕ್ಕೆ ನಿಧಾನವಾಗಿ ಏರಿಸಿಕೊಳ್ಳಿ. ನಡೆಯುತ್ತಾ ಮಾತನಾಡಲು ಉಸಿರು ಸಾಲಬೇಕು, ಹಾಡಲು ಸಾಲಬಾರದು. ವೇಗಕ್ಕೆ ಇದೇ ಅಳತೆ.

ನಡಿಗೆಯೊಂದೇ ಸಾಲದು. ಕರಗುತ್ತಿರುವ ಸ್ನಾಯುವಿಗೆ ವಾರದಲ್ಲಿ ಎರಡು ದಿನ, ನಡುವೆ ಬಿಡುವು ಕೊಟ್ಟು, ಬಲದ ವ್ಯಾಯಾಮ ಬೇಕು. ದೊಡ್ಡಪ್ಪನಿಗೆ ಕಲಿಸಿದ್ದು ಕುರ್ಚಿಯಿಂದ ಏಳುವುದನ್ನೇ. ಕೈಯಿರುವ ಗಟ್ಟಿ ಕುರ್ಚಿಯನ್ನು ಗೋಡೆಗೆ ಆನಿಸಿ, ಪಾದಗಳನ್ನು ಮಂಡಿಯ ನೇರಕ್ಕಿಂತ ತುಸು ಹಿಂದಕ್ಕೆ ಎಳೆದುಕೊಂಡು, ಬೆನ್ನು ನೇರವಾಗಿಟ್ಟು ಉಸಿರು ಬಿಡುತ್ತಾ ಎದ್ದು, ಮೂರು ಎಣಿಸುವಷ್ಟು ಹೊತ್ತು ತೆಗೆದುಕೊಂಡು ಕೂರಬೇಕು. ಇಳಿಯುವಾಗ ದಬಕ್ಕನೆ ಕೂತರೆ ಬೆನ್ನುಮೂಳೆಗೆ ಪೆಟ್ಟು. ಮೊದಲ ದಿನ ಮೂರು ಸಲಕ್ಕೆ ಅವರ ತೊಡೆ ನಡುಗಿತು; ಎರಡು ತಿಂಗಳಲ್ಲಿ ಕೈ ಊರದೆ ಎಂಟು ಸಲ ಎದ್ದರು. ತೋಳಿಗೆ ಗೋಡೆ ತಳ್ಳುವುದು, ಒಂದು ಲೀಟರಿನ ನೀರಿನ ಬಾಟಲಿ ಎತ್ತುವುದು ಆರಂಭಕ್ಕೆ ಸಾಕು.

ಜ್ವರವಿದ್ದ ದಿನ ವ್ಯಾಯಾಮ ಬೇಡ. ಕಿಮೋಥೆರಪಿ ನಡೆಯುತ್ತಿರುವಾಗ ಜ್ವರ ಬಂದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಹೊಸದಾಗಿ ಬೆನ್ನು ನೋವು ಹೆಚ್ಚಿ, ಕಾಲು ಸೋತರೆ ಅಥವಾ ಜೋಮು ಹಿಡಿದರೆ, ಮಲಮೂತ್ರ ಹತೋಟಿ ತಪ್ಪಿದರೆ ಬೆನ್ನುಹುರಿ ಒತ್ತಲ್ಪಟ್ಟಿರಬಹುದು. ಆಗ ಬೆಳಗಾಗಲಿ ಎಂದು ಕಾಯದೆ ರಾತ್ರಿಯೇ ಆಸ್ಪತ್ರೆಗೆ ಹೊರಡಬೇಕು, ಏಕೆಂದರೆ ತಡವಾದರೆ ಕಾಲಿನ ಶಕ್ತಿ ಮರಳದೇ ಹೋಗಬಹುದು.

ಏನು ಮಾಡುವ ಆಸೆಯಿದೆ ಎಂದು ರೋಗಿಯನ್ನೇ ಕೇಳಿ, ವ್ಯಾಯಾಮವನ್ನು ಅದಕ್ಕೆ ಹೊಂದಿಸಿ. ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯ ರಾತ್ರಿ ಕದಿರು ತೆಗೆಯುವಾಗ ಗದ್ದೆಯ ಬದಿಯಲ್ಲಿ ನಿಲ್ಲಬೇಕೆಂದು ದೊಡ್ಡಪ್ಪ ಹೇಳಿದ್ದರು. ಆ ವರ್ಷ ನನ್ನ ತೋಳು ಹಿಡಿದು ಅಲ್ಲಿಯವರೆಗೆ ನಡೆದು, ಕುರ್ಚಿ ಕೇಳದೆ ನಿಂತರು. ಎಷ್ಟು ಸಲ ಎದ್ದರು, ಎಷ್ಟು ನಿಮಿಷ ನಡೆದರು, ಎಲ್ಲಿ ನೋವಾಯಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಮುಂದಿನ ಇಂಜೆಕ್ಷನ್ನಿಗೆ ಹೋಗುವಾಗ ವೈದ್ಯರಿಗೆ ತೋರಿಸಿ.